ಸಾಫ್ಟ್‌ವೇರ್ ಕಾರು ಹಿಂದಿನ ಸೀಟಿನವರಿಗೂ ಒದಗಲಿ: ಬೆಂಗಳೂರಿಗರಿಗೊಂದು ಕೈಪಿಡಿ

ಶೋರೂಮಿನಲ್ಲಿ ಹೊಸ ಕಾರಿನ ಪರದೆಯನ್ನು ತೋರಿಸುವುದು ಸ್ಟೀರಿಂಗ್ ಹಿಡಿಯುವವರಿಗೆ. ಹಿಂದೆ ಕೂರುವ ಅಜ್ಜಿಗೆ, ಮಕ್ಕಳಿಗೆ, ಪಕ್ಕದಲ್ಲಿ ಕೂರುವ ಮನೆಯವರಿಗೆ ಯಾರೂ ಏನೂ ಹೇಳಿಕೊಡುವುದಿಲ್ಲ. ಆದರೆ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಸಂಜೆ ಹೊತ್ತು ಹೊರಟರೆ ಕಾರಿನೊಳಗೆ ಸುಮ್ಮನೆ ಕೂತು ಕಾಲ ಕಳೆಯುವವರು ಅವರೇ. ಈಗಿನ ಕಾರುಗಳ ಸಾಫ್ಟ್‌ವೇರ್ ನಿಜವಾಗಿ ಬದಲಾಯಿಸಬಲ್ಲದ್ದು ಅವರ ಪ್ರಯಾಣವನ್ನೇ. ಅದಕ್ಕೆ ಬೇಕಿರುವುದು ಕಾರು ನಿಂತಿರುವಾಗ ಒಂದೆರಡು ಗಂಟೆಯ ಕೆಲಸ, ಮತ್ತೆ ಯಾವ ಸೌಲಭ್ಯ ಎಲ್ಲಿಂದ ನಡೆಯುತ್ತಿದೆ ಎಂಬ ತಿಳಿವಳಿಕೆ.

ಹಳೆಯ ಕಾರಿನಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಪುಟ್ಟ ಕಂಪ್ಯೂಟರ್. ಕಿಟಕಿಗೊಂದು, ಎಸಿಗೊಂದು, ಬಾಗಿಲಿಗೊಂದು. ಇವೆಲ್ಲ ಮಾತಾಡಿಕೊಳ್ಳುತ್ತಿದ್ದುದು 1986ರಲ್ಲಿ ಬಾಷ್ ಕಂಪನಿ ಪರಿಚಯಿಸಿದ ಕ್ಯಾನ್ ಎಂಬ ತಂತಿಜಾಲದಲ್ಲಿ. ಅದರ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 500 ಕಿಲೋಬಿಟ್. ಕಾರ್ಖಾನೆಯಿಂದ ಹೊರಬಿದ್ದ ದಿನ ಕಾರು ಹೇಗಿತ್ತೋ ಕೊನೆಯವರೆಗೂ ಹಾಗೇ. ಸಾಫ್ಟ್‌ವೇರ್ ಡಿಫೈನ್ಡ್ ಕಾರಿನಲ್ಲಿ ಈ ಪುಟ್ಟ ಪೆಟ್ಟಿಗೆಗಳ ಕೆಲಸವನ್ನು ನಾಲ್ಕಾರು ಶಕ್ತಿಶಾಲಿ ಕಂಪ್ಯೂಟರುಗಳು ವಹಿಸಿಕೊಳ್ಳುತ್ತವೆ, ನಡುವೆ ಸೆಕೆಂಡಿಗೆ 100 ಮೆಗಾಬಿಟ್ ಅಥವಾ 1 ಗಿಗಾಬಿಟ್ ಸಾಗಿಸುವ ಈಥರ್ನೆಟ್ ಇರುತ್ತದೆ. ಹಾಗಾಗಿ ಎಸಿ, ಸೀಟು, ದೀಪ, ಸ್ಪೀಕರ್, ಪರದೆ ಎಲ್ಲವನ್ನೂ ಒಟ್ಟಿಗೆ ಕುಣಿಸಬಹುದು, ಮಾರಿದ ಮೇಲೂ ಬದಲಾಯಿಸಬಹುದು. ಟೆಸ್ಲಾ 2012ರಲ್ಲೇ ಮಾಡೆಲ್ ಎಸ್ ಕಾರಿಗೆ ಗಾಳಿಯಲ್ಲೇ, ಅಂದರೆ ತಂತಿಯಿಲ್ಲದೆ ನೆಟ್‌ವರ್ಕಿನ ಮೂಲಕ, ಅಪ್‌ಡೇಟ್ ಕಳಿಸಿತು. ನಮ್ಮಲ್ಲಿ 2024ರ ನವೆಂಬರಿನಲ್ಲಿ ಬಂದ ಮಹೀಂದ್ರಾ ಎಕ್ಸ್‌ಇವಿ 9ಇ ಕಾರಿನ ಡ್ಯಾಶ್‌ಬೋರ್ಡಿನಲ್ಲಿ 12.3 ಇಂಚಿನ ಮೂರು ಪರದೆಗಳಿವೆ, ಅದರಲ್ಲೊಂದು ಪಕ್ಕದ ಸೀಟಿನವರದ್ದು.

ಮೊದಲು ಬೇಸ್‌ಮೆಂಟಿಗೆ ಇಳಿಯಿರಿ

ಕಾರಿನ ಪ್ರತಿ ಸೌಲಭ್ಯವೂ ಮೂರರಲ್ಲಿ ಒಂದು ಜಾಗದಲ್ಲಿ ಇರುತ್ತದೆ: ಕಾರಿನೊಳಗೆ, ನಿಮ್ಮ ಫೋನಿನಲ್ಲಿ, ಇಲ್ಲವೇ ಕಂಪನಿಯ ಸರ್ವರಿನಲ್ಲಿ. ಸಿಗ್ನಲ್ ಹೋದಾಗ ಯಾವುದು ಕೈಕೊಡುತ್ತದೆ, ಚಂದಾ ಮುಗಿದಾಗ ಯಾವುದು ನಿಲ್ಲುತ್ತದೆ, ಕಾರು ಮಾರುವಾಗ ಯಾವುದನ್ನು ಅಳಿಸಬೇಕು, ಇವೆಲ್ಲ ಇದರ ಮೇಲೇ ನಿಂತಿವೆ. ಬ್ರೋಷರಿನಲ್ಲಿ ಇದು ಸಿಗುವುದಿಲ್ಲ. ನೀವೇ ಪರೀಕ್ಷೆ ಮಾಡಿಕೊಳ್ಳಬೇಕು.

ಅಪಾರ್ಟ್‌ಮೆಂಟಿನದ್ದೋ ಆಫೀಸಿನದ್ದೋ ಎರಡನೆಯ ಬೇಸ್‌ಮೆಂಟಿಗೆ ಕಾರು ಇಳಿಸಿ. ಪರದೆಯ ಮೇಲಿನ ಸಿಗ್ನಲ್ ಗೆರೆಗಳು ಪೂರ್ತಿ ಹೋಗಿರಬೇಕು. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ಬ್ಲೂಟೂತ್ ಮತ್ತು ವೈಫೈ ಕೂಡ ಆರಿಸಿ. ಈಗ ಒಂದೊಂದಾಗಿ ನೋಡಿ: ಮಾತಿನಲ್ಲಿ ಹೇಳಿದರೆ ಎಸಿ ತಗ್ಗುತ್ತದೆಯೇ? ಸೀಟಿನ ಮೆಮೊರಿ, ಒಳಗಿನ ಬಣ್ಣದ ದೀಪ, ಹಿಂದಿನ ಎಸಿಯ ನಿಯಂತ್ರಣ, ಮ್ಯಾಪು, ಒಬ್ಬೊಬ್ಬರ ಸೆಟ್ಟಿಂಗ್ ಉಳಿಸಿಡುವ ಪ್ರೊಫೈಲಿನ ಬದಲಾವಣೆ? ನಡೆದದ್ದೆಲ್ಲ ಕಾರಿನೊಳಗಿನದು. ಆಮೇಲೆ ಬ್ಲೂಟೂತ್ ಹಾಕಿ, ಕೇಬಲ್ ಚುಚ್ಚಿ, ಮತ್ತೆ ನೋಡಿ. ಹೊಸದಾಗಿ ಬದುಕಿದ್ದು ಫೋನಿನದು. ಕೊನೆಗೆ ರಸ್ತೆಗೆ ಬಂದ ಮೇಲಷ್ಟೇ ನಡೆಯುವುದು ಸರ್ವರಿನದು. ಅರ್ಧ ಗಂಟೆಯ ಈ ಪಟ್ಟಿಯನ್ನು ಬರೆದು ಗ್ಲವ್ ಬಾಕ್ಸಿನಲ್ಲಿಡಿ. ಕಾರು ಇನ್ನೂ ಕೊಂಡಿಲ್ಲವಾದರೆ ಟೆಸ್ಟ್ ಡ್ರೈವಿನಲ್ಲೇ ಮಾಡಿ. ಸೇಲ್ಸ್‌ನವರು ಅವಸರ ಮಾಡಿದರೂ ಬಿಡಬೇಡಿ.

ಇದರ ಉಪಯೋಗ ಬೆಳಿಗ್ಗೆಯೇ ಗೊತ್ತಾಗುತ್ತದೆ. ಆ್ಯಪಿನಲ್ಲಿ ಎಸಿ ಆನ್ ಮಾಡಿ ಕೆಳಗಿಳಿದು ಬಂದರೆ ಕಾರು ಬಿಸಿಯಾಗೇ ಇರುತ್ತದೆ, ಆ್ಯಪು ಮಾತ್ರ ಸುತ್ತುತ್ತಲೇ ಇರುತ್ತದೆ. ನಿಮ್ಮ ಆದೇಶ ಸರ್ವರಿಗೆ ಮುಟ್ಟಿದೆ, ಬೇಸ್‌ಮೆಂಟಿನಲ್ಲಿರುವ ಕಾರಿಗೆ ಮುಟ್ಟಿಲ್ಲ. ಇದಕ್ಕೆ ಪರಿಹಾರ ಆ್ಯಪಿನಲ್ಲಿಲ್ಲ. ಕಾರಿನ ಪರದೆಯಲ್ಲಿ ಹೊರಡುವ ಸಮಯ ನಮೂದಿಸುವ ಆಯ್ಕೆ ಇದ್ದರೆ ಅಲ್ಲೇ 8.15 ಎಂದು ಹಾಕಿಡಿ. ಗಡಿಯಾರ ಕಾರಿನದ್ದೇ ಆದ್ದರಿಂದ ನೆಟ್‌ವರ್ಕ್ ಇಲ್ಲದೆಯೂ ಎಸಿ ತಾನಾಗಿ ಶುರುವಾಗುತ್ತದೆ. ಇವಿ, ಅಂದರೆ ವಿದ್ಯುತ್ ಕಾರು, ಆದರೆ ಚಾರ್ಜಿಂಗ್ ಗನ್ ಹಾಕಿರುವಾಗಲೇ ತಣ್ಣಗೆ ಮಾಡಿಕೊಳ್ಳಿ. ಆಗ ಕರೆಂಟು ಗೋಡೆಯಿಂದ ಬರುತ್ತದೆ, ಬ್ಯಾಟರಿಯ ಕಿಲೋಮೀಟರ್ ಉಳಿಯುತ್ತದೆ.

ಹಿಂದೆ ಕೂತವರಿಗೆ ವಾಂತಿ ಬರದಂತೆ

ಇವಿ ಕೊಂಡ ಮನೆಗಳಲ್ಲಿ ಆಗಾಗ ಕೇಳಿಬರುವ ದೂರು ಇದು. ಸರಿಪಡಿಸುವುದು ಸುಲಭ, ಆದರೂ ಬಹಳ ಮಂದಿಗೆ ಕಾರಣ ಹೊಳೆಯುವುದಿಲ್ಲ. ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಚಲನೆ ಗೊತ್ತಾಗುತ್ತದೆ, ಫೋನೋ ಟ್ಯಾಬೋ ನೋಡುತ್ತಿರುವ ಕಣ್ಣಿಗೆ ಗೊತ್ತಾಗುವುದಿಲ್ಲ. ಈ ತಾಳತಪ್ಪಿಗೇ ತಲೆಸುತ್ತು, ಹೊಟ್ಟೆ ತೊಳೆಸುವುದು. ಇವಿಯಲ್ಲಿ ಪೆಡಲಿನಿಂದ ಕಾಲೆತ್ತಿದರೆ ಸಾಕು, ಓಟದ ಶಕ್ತಿಯನ್ನು ವಿದ್ಯುತ್ತಾಗಿಸಿ ಬ್ಯಾಟರಿಗೆ ತುಂಬುವ ರೀಜೆನ್ ಬ್ರೇಕಿಂಗ್ ಕಾರನ್ನು ಹಿಡಿದು ಎಳೆಯುತ್ತದೆ. ಓಡಿಸುವವರಿಗೆ ಅದು ಮೊದಲೇ ಗೊತ್ತಿರುತ್ತದೆ, ಅವರ ಕತ್ತು ಸಿದ್ಧವಾಗಿರುತ್ತದೆ. ಹಿಂದಿನವರ ತಲೆ ಮಾತ್ರ ಪ್ರತಿ ಸಲ ಮುಂದಕ್ಕೆ ಬಾಗುತ್ತದೆ. ಮಾರತ್ತಹಳ್ಳಿಯ ಹತ್ತಿರ ಹತ್ತು ಅಡಿ ಚಲಿಸಿ ನಿಲ್ಲುವ ಜಾಮಿನಲ್ಲಿ ಇದು ನೂರಾರು ಸಲ ಆಗುತ್ತದೆ.

ಹೀಗೆ ಮಾಡಿ. ಪರದೆಯಲ್ಲಿ ಡ್ರೈವರ್ ಪ್ರೊಫೈಲ್ ಇನ್ನೊಂದನ್ನು ಸೃಷ್ಟಿಸಿ, "ಮನೆಯವರ ಜೊತೆ" ಎಂದು ಹೆಸರಿಡಿ. ಅದರಲ್ಲಿ ರೀಜೆನ್ ಅತಿ ಕಡಿಮೆ ಮಟ್ಟಕ್ಕೆ ತನ್ನಿ, ಒಂದೇ ಪೆಡಲಿನಲ್ಲಿ ಓಡಿಸುವ ಆಯ್ಕೆ ಇದ್ದರೆ ಆಫ್ ಮಾಡಿ, ಡ್ರೈವ್ ಮೋಡ್ ಇಕೋ ಅಥವಾ ಕಂಫರ್ಟ್ ಇರಲಿ. ಒಬ್ಬರೇ ಹೋಗುವಾಗ ಹಳೆಯ ಪ್ರೊಫೈಲ್ ಬಳಸಿಕೊಳ್ಳಬಹುದು. ರೀಜೆನ್ ಮಟ್ಟವನ್ನು ಕೆಲವು ಕಾರು ಪ್ರೊಫೈಲಿನಲ್ಲಿ ಉಳಿಸಿಕೊಳ್ಳುವುದಿಲ್ಲ, ಪ್ರತಿ ಸಲ ಸ್ಟಾರ್ಟ್ ಮಾಡಿದಾಗ ತನ್ನ ಮೂಲಕ್ಕೆ ಮರಳುತ್ತದೆ. ಒಮ್ಮೆ ಆರಿಸಿ, ಬೀಗ ಹಾಕಿ, ಐದು ನಿಮಿಷ ಬಿಟ್ಟು ನೋಡಿದರೆ ತಿಳಿಯುತ್ತದೆ. ಇನ್ನೊಂದು ವಿಷಯ: ಬ್ಯಾಟರಿ 100 ಶೇಕಡಾ ತುಂಬಿರುವಾಗ ರೀಜೆನ್‌ಗೆ ವಿದ್ಯುತ್ ತುಂಬಲು ಜಾಗವೇ ಇರುವುದಿಲ್ಲ. ಹಾಗಾಗಿ ಬೆಳಿಗ್ಗೆ ಪೆಡಲ್ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ ಅನಿಸುತ್ತದೆ. ಅದು ದೋಷವಲ್ಲ.

ಹೊಂದಿಸಿದ ಮೇಲೆ ಕಾರಿನ ಒಡೆಯರು ಹಿಂದೆ ಕೂತು, ಬೇರೆಯವರ ಕೈಗೆ ಸ್ಟೀರಿಂಗ್ ಕೊಟ್ಟು, ನಾಲ್ಕು ಸಿಗ್ನಲ್ ದಾಟಿ ಬರಲಿ. ಈ ಒಂದು ಪರೀಕ್ಷೆಯಷ್ಟು ಕಲಿಸುವುದು ಬೇರಾವುದೂ ಇಲ್ಲ.

ಮಕ್ಕಳಿಗೆ ಟ್ಯಾಬ್ ಕೊಡುವುದಾದರೆ ತೊಡೆಯ ಮೇಲೆ ಬೇಡ. ಮುಂದಿನ ಸೀಟಿನ ಬೆನ್ನಿಗೆ, ಕಣ್ಣಿನ ಮಟ್ಟಕ್ಕೆ ಬರುವಂತೆ ಹಾಕಿದರೆ ಕಣ್ಣಂಚಿನಲ್ಲಿ ಹೊರಗಿನ ರಸ್ತೆಯೂ ಕಾಣುತ್ತಿರುತ್ತದೆ, ತೊಂದರೆ ಕಡಿಮೆ. ಹಿಡಿಕೆ ಗಟ್ಟಿಯಾಗಿ ಕೂತಿರಲಿ. ಗಟ್ಟಿ ಬ್ರೇಕಿಗೆ ಕಿತ್ತು ಬಂದ ಟ್ಯಾಬ್ ಮುಖಕ್ಕೇ ಬಡಿಯುತ್ತದೆ. ಐಫೋನ್, ಐಪ್ಯಾಡ್ ಇದ್ದವರು ಐಒಎಸ್ 18ರಿಂದ ಬಂದಿರುವ ವೆಹಿಕಲ್ ಮೋಷನ್ ಕ್ಯೂಸ್ ಆನ್ ಮಾಡಿಕೊಳ್ಳಿ. ಪರದೆಯ ಅಂಚಿನ ಚುಕ್ಕಿಗಳು ಕಾರಿನ ತಿರುವಿಗೆ ತಕ್ಕಂತೆ ಚಲಿಸುತ್ತವೆ.

ಗಾಳಿ, ಸದ್ದು, ಪರದೆ

ಎಸಿಯ ಪುಟದಲ್ಲಿ ಸಿಂಕ್ ಎಂಬ ಬಟನ್ ಆನ್ ಇದ್ದರೆ ಪಕ್ಕದವರ, ಹಿಂದಿನವರ ತಾಪಮಾನ ಡ್ರೈವರಿನದನ್ನೇ ಹಿಂಬಾಲಿಸುತ್ತದೆ. ಹಿಂದಿನವರು ಎಷ್ಟು ಒತ್ತಿದರೂ ಬದಲಾಗುತ್ತಿಲ್ಲ ಎಂದರೆ ಕಾರಣ ಬಹುಪಾಲು ಇದೇ. ಆಫ್ ಮಾಡಿ. ನಮ್ಮ ಊರಿನ ಹವೆಗೆ ಹಿಂದಿನ ಸೀಟಿಗೆ 24ರಿಂದ 25 ಡಿಗ್ರಿ ಸಾಕು. ಲಾರಿ, ಬಸ್ಸಿನ ಹಿಂದೆ ಸಿಕ್ಕಿಕೊಂಡಾಗ ಒಳಗಿನ ಗಾಳಿಯನ್ನೇ ಸುತ್ತಿಸುವ ರೀಸರ್ಕ್ಯುಲೇಷನ್ ಒಳ್ಳೆಯದು. ಅದನ್ನು ಹಾಗೇ ಬಿಟ್ಟರೆ ನಾಲ್ಕೈದು ಜನರ ಉಸಿರಿನ ಕಾರ್ಬನ್ ಡೈಆಕ್ಸೈಡ್ ಒಳಗೇ ಸೇರಿ ಎಲ್ಲರಿಗೂ ತೂಕಡಿಕೆ, ತಲೆನೋವು. ಹದಿನೈದು ನಿಮಿಷಕ್ಕೊಮ್ಮೆ ಹೊರಗಿನ ಗಾಳಿ ಬಿಡಿ. ಗಾಳಿಯ ಗುಣ ಅಳೆದು ತಾನೇ ಬದಲಾಯಿಸುವ ಆಟೋ ಆಯ್ಕೆ ಇದ್ದರೆ ಅದನ್ನೇ ಬಳಸಿ.

ಮಗು ಹಿಂದೆ ಮಲಗಿರುವಾಗ ಮ್ಯಾಪಿನ ಹೆಂಗಸು ಜೋರಾಗಿ "ಎಡಕ್ಕೆ ತಿರುಗಿ" ಅನ್ನುತ್ತಾಳೆ. ಸೌಂಡ್ ಸೆಟ್ಟಿಂಗಿನಲ್ಲಿ ಮಾರ್ಗದರ್ಶನದ ದನಿ ಡ್ರೈವರ್ ಕಡೆಯ ಸ್ಪೀಕರಿನಲ್ಲಿ ಮಾತ್ರ ಬರುವ ಆಯ್ಕೆ ಹುಡುಕಿ. ಇಲ್ಲದಿದ್ದರೆ ಸದ್ದನ್ನು ಮುಂದಿನ, ಹಿಂದಿನ ಸ್ಪೀಕರುಗಳಿಗೆ ಹಂಚುವ ಫೇಡರನ್ನು ಪೂರ್ತಿ ಮುಂದಕ್ಕೆ ತಳ್ಳಿ. ಆ ದನಿಯ ಮಟ್ಟವನ್ನು ಎಷ್ಟೋ ಕಾರುಗಳಲ್ಲಿ ಅದು ಮಾತಾಡುತ್ತಿರುವ ಕ್ಷಣದಲ್ಲಿ ಮಾತ್ರ ತಗ್ಗಿಸಲು ಬರುತ್ತದೆ. ಬೇರೆ ಹೊತ್ತಿನಲ್ಲಿ ಗುಂಡಿ ತಿರುಗಿಸಿದರೆ ತಗ್ಗುವುದು ಹಾಡಿನ ಸದ್ದು. ಹಾಗಾಗಿ ಅದು ಬಾಯಿ ತೆರೆದಾಗಲೇ ತಿರುಗಿಸಿ.

ಡ್ರೈವರಿಗೆ ಕಾಣುವ ಪರದೆಯಲ್ಲಿ ಕಾರು ಚಲಿಸುವಾಗ ಸಿನಿಮಾ ನಿಲ್ಲುತ್ತದೆ. ಅದನ್ನು ತಪ್ಪಿಸುವ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ, ಹಾಕಿಸಬೇಡಿ. ವೀಡಿಯೊ ಬೇಕೆಂದರೆ ಪಕ್ಕದವರ ಪ್ರತ್ಯೇಕ ಪರದೆಯಲ್ಲಿ ಅಥವಾ ಹಿಂದಿನ ಟ್ಯಾಬಿನಲ್ಲಿ ನೋಡಲಿ, ಸದ್ದು ಹೆಡ್‌ಫೋನಿನಲ್ಲಿರಲಿ. ತುಟಿಗೂ ಮಾತಿಗೂ ತಾಳೆಯಾಗದಿದ್ದರೆ ಅದು ಬ್ಲೂಟೂತಿನ ವಿಳಂಬ. ತಂತಿಯ ಹೆಡ್‌ಫೋನ್ ಹಾಕಿದರೆ ಹೋಗುತ್ತದೆ. ಟ್ಯಾಬ್ ಓಡುತ್ತಲೇ ಚಾರ್ಜ್ ಆಗಬೇಕಾದರೆ ಹಿಂದಿನ ಟೈಪ್ ಸಿ ಪೋರ್ಟ್ ಎಷ್ಟು ವಾಟ್ ಕೊಡುತ್ತದೆ ನೋಡಿ. 5 ವೋಲ್ಟ್, 3 ಆಂಪಿಯರ್ ಎಂದು ಬರೆದಿದ್ದರೆ ಅದು 15 ವಾಟ್ ಮಾತ್ರ, ಫೋನಿಗೆ ಸಾಕು, ಟ್ಯಾಬಿಗೆ ನಿಧಾನ.

ಡೇಟಾ ಲೆಕ್ಕ ಹೀಗಿದೆ. ಉತ್ತಮ ಗುಣಮಟ್ಟದ, ಅಂದರೆ 320 ಕಿಲೋಬಿಟ್‌ನ ಹಾಡು ಗಂಟೆಗೆ 144 ಎಂಬಿ ತಿನ್ನುತ್ತದೆ. ಸಾಧಾರಣ ವೀಡಿಯೊ ಗಂಟೆಗೆ ಸುಮಾರು 1 ಜಿಬಿ, ಎಚ್‌ಡಿ ಆದರೆ 3 ಜಿಬಿವರೆಗೆ. ಕಾರಿನೊಳಗಿನ ಇ-ಸಿಮ್ ಹೆಚ್ಚಾಗಿ ಕಾರಿನ ಕೆಲಸಕ್ಕೆ ಮೀಸಲು, ನಿಮ್ಮ ಸಿನಿಮಾಕ್ಕೆ ಡೇಟಾ ಹೋಗುವುದು ಫೋನಿನ ಹಾಟ್‌ಸ್ಪಾಟಿನಿಂದ. ತೊಡಕು ಇಲ್ಲೇ ಬರುವುದು: ವೈರ್‌ಲೆಸ್ ಆಂಡ್ರಾಯ್ಡ್ ಆಟೋ ಮತ್ತು ಕಾರ್‌ಪ್ಲೇ ಕೂಡ ಅದೇ ಫೋನಿನ ವೈಫೈಯನ್ನು ಹಿಡಿದುಕೊಳ್ಳುತ್ತವೆ. ಡ್ರೈವರಿನ ಫೋನೇ ಹಾಟ್‌ಸ್ಪಾಟನ್ನೂ ಕೊಡಬೇಕೆಂದರೆ ಮ್ಯಾಪು ತಡವರಿಸುತ್ತದೆ, ಹಿಂದಿನವರ ವೀಡಿಯೊ ನಿಲ್ಲುತ್ತದೆ. ಡ್ರೈವರಿನ ಫೋನನ್ನು ಕೇಬಲಿಗೆ ಹಾಕಿ, ಇಲ್ಲವೇ ಹಾಟ್‌ಸ್ಪಾಟ್ ಬೇರೆಯವರ ಫೋನಿನಿಂದ ಕೊಡಿ. ಮಕ್ಕಳ ಕಾರ್ಯಕ್ರಮವನ್ನು ಹಿಂದಿನ ರಾತ್ರಿಯೇ ಮನೆಯ ವೈಫೈಯಲ್ಲಿ ಇಳಿಸಿಕೊಂಡರೆ ಈ ಗೋಜೇ ಇಲ್ಲ.

ಮಾತಿನ ಆದೇಶದ ಬಗ್ಗೆ ಒಂದು ಮಾತು. ಆಡುಗೋಡಿಯಲ್ಲಿ ಬಾಷ್ ಇದೆ, ವೈಟ್‌ಫೀಲ್ಡಿನಲ್ಲಿ ಮರ್ಸಿಡಿಸ್-ಬೆಂಝ್ ಸಂಶೋಧನಾ ಕೇಂದ್ರವಿದೆ. ಕಾರಿನ ಸಾಫ್ಟ್‌ವೇರ್ ಬರೆಯುವ ಊರಿದು. ಆದರೂ ಹಿಂದಿನ ಸೀಟಿನ ಅಜ್ಜಿ "ಎಸಿ ಸ್ವಲ್ಪ ಕಮ್ಮಿ ಮಾಡಪ್ಪ" ಅಂದರೆ ಅರ್ಥವಾಗದ ಕಾರುಗಳೇ ಹೆಚ್ಚು. ಕೊಳ್ಳುವ ಮುಂಚೆ ಕನ್ನಡದಲ್ಲೇ ಮಾತಾಡಿ ನೋಡಿ, ಹಿಂದಿನ ಸೀಟಿನಿಂದ ನೋಡಿ, ಆಗದಿದ್ದರೆ ಡೀಲರಿಗೆ ಲಿಖಿತವಾಗಿ ಹೇಳಿ. ಸಾಫ್ಟ್‌ವೇರಿನಲ್ಲಿ ಭಾಷೆ ಸೇರಿಸಲು ಹೊಸ ಕಾರೇನೂ ಬೇಕಿಲ್ಲ, ಕೇಳುವವರು ಬೇಕು. ಸದ್ಯಕ್ಕೆ ಗೂಗಲ್ ಮ್ಯಾಪ್ಸ್ ದನಿಯನ್ನು ಫೋನಿನಲ್ಲಿ ಕನ್ನಡಕ್ಕೆ ಹಾಕಿಕೊಳ್ಳಬಹುದು.

ಬಾಗಿಲು: ಇದನ್ನು ಮಾತ್ರ ಬಿಡಬೇಡಿ

ಹಲವು ಹೊಸ ಕಾರುಗಳ ಬಾಗಿಲು ತೆರೆಯುವುದು ಬಟನ್ನಿನಿಂದ, ಅಂದರೆ 12 ವೋಲ್ಟ್ ಬ್ಯಾಟರಿಯಿಂದ. ಅಪಘಾತದಲ್ಲಿ ಆ ಕರೆಂಟು ಹೋದರೆ ಬಟನ್ ಸತ್ತಂತೆಯೇ. ಇದಕ್ಕಾಗಿ ಕೈಯಿಂದ ಎಳೆಯುವ ಒಂದು ಲಿವರ್ ಸಾಮಾನ್ಯವಾಗಿ ಇರುತ್ತದೆ. ಮುಂದಿನ ಬಾಗಿಲಿನಲ್ಲಿ ಸುಲಭವಾಗಿ ಕಾಣುತ್ತದೆ, ಹಿಂದಿನದರಲ್ಲಿ ಕೆಲವೊಮ್ಮೆ ಬಾಗಿಲ ಜೇಬಿನ ತಳದಲ್ಲಿ ಮುಚ್ಚಳದ ಕೆಳಗೆ ಅಡಗಿರುತ್ತದೆ. ಕಾರಿನ ಪುಸ್ತಕದಲ್ಲಿ ಹುಡುಕಿ. ನಾಲ್ಕೂ ಬಾಗಿಲಲ್ಲಿ ಒಮ್ಮೆ ಎಳೆದು ತೆರೆದು ನೋಡಿ. ಆಮೇಲೆ ಹಿಂದೆ ಕೂರುವ ಪ್ರತಿಯೊಬ್ಬರ ಕೈಯಲ್ಲೂ ಎಳೆಸಿ, ವಯಸ್ಸಾದವರ ಬೆರಳಿಗೆ ಅಷ್ಟು ಬಲ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಅವರ ಪಕ್ಕ ಎಳೆಯಬಲ್ಲವರು ಕೂರಬೇಕು. ಚೈಲ್ಡ್ ಲಾಕ್ ಹಾಕಿದಾಗ ಈ ಲಿವರ್ ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದು ಕಾರಿನಿಂದ ಕಾರಿಗೆ ಬೇರೆ. ಅದನ್ನೂ ಲಾಕ್ ಹಾಕಿ ಪರೀಕ್ಷಿಸಿ.

ಚೈಲ್ಡ್ ಲಾಕ್ ಪರದೆಯಲ್ಲಿದ್ದರೆ ಪರದೆ "ಆನ್" ಎಂದು ತೋರಿಸಿದರೆ ಸಾಲದು. ಒಳಗಿನಿಂದ ಹಿಡಿ ಎಳೆದೇ ನೋಡಬೇಕು. ಸೀಟ್ ಬೆಲ್ಟಿನ ಸದ್ದು ತಪ್ಪಿಸಲು ಬೆಲ್ಟನ್ನು ಬೆನ್ನ ಹಿಂದೆ ಸಿಕ್ಕಿಸುವವರಿದ್ದಾರೆ. ಹಿಂದಿನವರು ಬೆಲ್ಟ್ ಹಾಕದಿದ್ದರೂ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಡಿ 1,000 ರೂಪಾಯಿ ದಂಡವಿದೆ. ದಂಡಕ್ಕಿಂತ ಮುಖ್ಯವಾದದ್ದು ಏರ್‌ಬ್ಯಾಗ್, ಅದರ ಲೆಕ್ಕಾಚಾರವೆಲ್ಲ ಬೆಲ್ಟ್ ಮೈಮೇಲಿದೆ ಎಂದೇ ನಡೆಯುತ್ತದೆ.

ಅಪ್‌ಡೇಟ್ ಹಾಕುವ ಕ್ರಮ

1. ಇಳಿಸಿಕೊಳ್ಳುವುದು ಬೇರೆ, ಅಳವಡಿಸುವುದು ಬೇರೆ. ಇಳಿಸಿಕೊಳ್ಳಲು ಕಾರನ್ನು ಸಿಗ್ನಲ್ ಇರುವ ಕಡೆ ಅಥವಾ ಮನೆಯ ವೈಫೈ ಸಿಗುವ ಕಡೆ ನಿಲ್ಲಿಸಿ. ಬೇಸ್‌ಮೆಂಟಿನಲ್ಲಿ ಡೌನ್‌ಲೋಡ್ ಅರ್ಧಕ್ಕೆ ನಿಲ್ಲಬಹುದು.
2. ಅಳವಡಿಸುವ ಮುಂಚೆ 12 ವೋಲ್ಟ್ ಬ್ಯಾಟರಿ ನೋಡಿ. ಇವಿಯಲ್ಲೂ ಈ ಚಿಕ್ಕ ಬ್ಯಾಟರಿ ಇರುತ್ತದೆ. ಲೆಡ್ ಆ್ಯಸಿಡ್ ಆದರೆ ನಿಂತ ಸ್ಥಿತಿಯಲ್ಲಿ 12.6 ವೋಲ್ಟ್ ಎಂದರೆ ಪೂರ್ತಿ, 12.2 ಎಂದರೆ ಸುಮಾರು ಅರ್ಧ. ಅದಕ್ಕೂ ಕಡಿಮೆಯಿದ್ದರೆ ಒಂದು ಗಂಟೆ ಓಡಿಸಿ ಬನ್ನಿ. ಪಾರ್ಕಿಂಗ್ ಮೋಡಿನಲ್ಲಿ ಓಡುವ ಡ್ಯಾಶ್‌ಕ್ಯಾಮ್ ಈ ಬ್ಯಾಟರಿಯನ್ನು ಹೀರುತ್ತದೆ, ಅಂದು ಅದನ್ನು ಕಳಚಿಡಿ.
3. ಗೇರು ಪಾರ್ಕಿನಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿ, ಎಲ್ಲರೂ ಇಳಿದು, ಬಾಗಿಲು ಮುಚ್ಚಿ, ಕೀ ದೂರವಿಡಿ. ಚಾರ್ಜಿಂಗ್ ಗನ್ ತೆಗೆಯಲು ಹೇಳಿದರೆ ತೆಗೆಯಿರಿ.
4. ಪರದೆ ಹೇಳುವ ಸಮಯದ ಒಂದೂವರೆ ಪಟ್ಟು ಇಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಕಾರು ಕದಲುವುದಿಲ್ಲ. ವಿಮಾನ ನಿಲ್ದಾಣಕ್ಕೆ ಹೊರಡುವ ರಾತ್ರಿ ಖಂಡಿತ ಬೇಡ.

ಹೆಚ್ಚಿನ ಹೊಸ ವ್ಯವಸ್ಥೆಗಳಲ್ಲಿ ಸಾಫ್ಟ್‌ವೇರ್ ಇಡಲು ಎರಡು ಅರೆಗಳಿರುತ್ತವೆ. ಹೊಸ ಸಾಫ್ಟ್‌ವೇರ್ ಖಾಲಿ ಅರೆಗೆ ಹೋಗುತ್ತದೆ, ಅದು ಸರಿಯಾಗಿ ಏಳದಿದ್ದರೆ ಕಾರು ಹಳೆಯದಕ್ಕೆ ಮರಳುತ್ತದೆ. ಹಾಗಾಗಿ "ವಿಫಲ" ಎಂದು ಬಂದರೆ ಗಾಬರಿ ಬೇಡ, ಪದೇ ಪದೇ ಒತ್ತಲೂ ಬೇಡ. ಬ್ಯಾಟರಿ ಮತ್ತು ಸಿಗ್ನಲ್ ನೋಡಿಕೊಂಡು ಮಾರನೆಯ ದಿನ ಹಾಕಿ.

ಮುಗಿದ ಮೇಲೆ ಹಿಂದಿನ ಸೀಟಿನಿಂದಲೇ ಶುರುಮಾಡಿ: ಚೈಲ್ಡ್ ಲಾಕ್, ಕಿಟಕಿ ಲಾಕ್, ಹಿಂದಿನ ಎಸಿ, ಬೆಲ್ಟಿನ ಎಚ್ಚರಿಕೆ, ರಿವರ್ಸ್ ಕ್ಯಾಮೆರಾ, ರೀಜೆನ್ ಮಟ್ಟ. ಅಪ್‌ಡೇಟ್ ಆದಾಗ ಕೆಲವು ಸೆಟ್ಟಿಂಗುಗಳು ಸದ್ದಿಲ್ಲದೆ ಮೂಲಕ್ಕೆ ಮರಳುತ್ತವೆ.

ಬೇರೆಯವರ ಫೋನು, ಬೇರೆಯವರ ಕೈ

2015ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಜೀಪ್ ಚೆರೋಕಿಯ ಮನರಂಜನಾ ವ್ಯವಸ್ಥೆಯ ಮೂಲಕ ದೂರದಿಂದಲೇ ಒಳಹೊಕ್ಕು ಅದರ ನಿಯಂತ್ರಣವನ್ನು ಮುಟ್ಟಿ ತೋರಿಸಿದರು. 14 ಲಕ್ಷ ವಾಹನಗಳನ್ನು ಕಂಪನಿ ವಾಪಸು ಕರೆಯಬೇಕಾಯಿತು. ಆಮೇಲೆ ಹಾಡಿನ ಕಡೆಗೂ ಬ್ರೇಕಿನ ಕಡೆಗೂ ನಡುವೆ ಕಾವಲು ಬಿಗಿಯಾಯಿತು. ಸೈಬರ್ ಸುರಕ್ಷತೆ ಮತ್ತು ಅಪ್‌ಡೇಟಿಗೆ ವಿಶ್ವಸಂಸ್ಥೆಯ ಆರ್155, ಆರ್156 ನಿಯಮಗಳು ಬಂದವು. ನಮ್ಮಲ್ಲಿ ಅವಕ್ಕೆ ಸಮನಾದವು ಎಐಎಸ್ 189 ಮತ್ತು ಎಐಎಸ್ 190 ಎಂಬ ವಾಹನ ಮಾನದಂಡಗಳು. ಈ ಕಾವಲನ್ನು ದಾಟಿಸುವ ಕೆಲಸ ನಾವೇ ಮಾಡಬಾರದು: ಸ್ಟೀರಿಂಗ್ ಕೆಳಗಿರುವ, ಮೆಕ್ಯಾನಿಕ್ ದೋಷ ಓದಲು ಬಳಸುವ ಒಬಿಡಿ ಪೋರ್ಟಿಗೆ ಅಗ್ಗದ ಡಾಂಗಲ್ ಎಂಬ ಪುಟ್ಟ ಸಾಧನ ಚುಚ್ಚಿ ಬಿಟ್ಟರೆ ಅದು ನೇರ ಒಳದಾರಿ.

ಬಾಡಿಗೆ ಡ್ರೈವರ್, ಮಾಲಿನಲ್ಲಿ ಕಾರು ನಿಲ್ಲಿಸಿಕೊಡುವ ವ್ಯಾಲೆ ಇವರಿಗೆ ಅತಿಥಿ ಪ್ರೊಫೈಲ್ ಅಥವಾ ವ್ಯಾಲೆ ಮೋಡ್. ಹೊಸ ಫೋನ್ ಜೋಡಿಸಿದಾಗ ಕಾರು ಕಾಂಟ್ಯಾಕ್ಟ್ ಕೇಳುತ್ತದೆ. ನೆಂಟರ ಫೋನಾದರೆ ಬೇಡ ಎನ್ನಿ, ಇಲ್ಲದಿದ್ದರೆ ಅವರ ಕರೆಪಟ್ಟಿ ಪರದೆಯಲ್ಲಿ ಉಳಿಯುತ್ತದೆ.

ಚಂದಾ ವಿಷಯದಲ್ಲಿ ಬೇಸ್‌ಮೆಂಟಿನ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಡೀಲರನ್ನು ಕೇಳಿ: ಸರ್ವರಿನ ಸೌಲಭ್ಯ ಎಷ್ಟು ವರ್ಷ ಉಚಿತ, ಆಮೇಲೆ ವರ್ಷಕ್ಕೆಷ್ಟು, ಕಟ್ಟದಿದ್ದರೆ ಯಾವುದು ನಿಲ್ಲುತ್ತದೆ. ಬಿಎಂಡಬ್ಲ್ಯು ಕೆಲವು ದೇಶಗಳಲ್ಲಿ ಸೀಟು ಬೆಚ್ಚಗಾಗಿಸಲು ತಿಂಗಳ ಚಂದಾ ಇಟ್ಟು, ಗ್ರಾಹಕರ ವಿರೋಧ ಬಂದ ಮೇಲೆ 2023ರಲ್ಲಿ ಆ ದಾರಿ ಬಿಟ್ಟಿತು. ಕೊಳ್ಳುವವರು ಪ್ರಶ್ನಿಸಿದರೆ ಬೆಲೆಪಟ್ಟಿ ಬದಲಾಗುತ್ತದೆ.

ಕಾರು ಮಾರುವ ದಿನ ಮೊದಲು ಆ್ಯಪಿನಿಂದ ಕಾರನ್ನು ತೆಗೆದುಹಾಕಿ, ಆಮೇಲೆ ಪರದೆಯಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ. ಬರೀ ರೀಸೆಟ್ ಮಾಡಿದರೆ ಸರ್ವರಿನಲ್ಲಿ ಒಡೆಯರಾಗಿ ನೀವೇ ಉಳಿಯಬಹುದು. ಮನೆಯವರ ಫೋನುಗಳಿಗೆ ಹಂಚಿದ ಡಿಜಿಟಲ್ ಕೀಗಳನ್ನು ರದ್ದು ಮಾಡಿ, ಇ-ಸಿಮ್ ಹೆಸರು ಬದಲಿಸಲು ಡೀಲರಿಗೆ ಅರ್ಜಿ ಕೊಡಿ. ಹೊಸಬರ ಆ್ಯಪಿನಲ್ಲಿ ಕಾರು ಕಾಣಿಸಿಕೊಂಡು, ನಿಮ್ಮದರಲ್ಲಿ ಅದು ಇಲ್ಲವಾದದ್ದನ್ನು ಇಬ್ಬರೂ ನೋಡಿದ ಮೇಲೆ ಎರಡನೆಯ ಕೀ ಕೊಡಿ.